ಹೊಂಗೆ ಮರದ ಕೆಳಗಿನ ಇಂಜಿನ್

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ; ನಮ್ಮಪ್ಪನಿಗೆ ಹೆತ್ತ ನನಗಿಂತ ಕೊಂಡ ಕಾರೇ ಮುದ್ದು. ಸ್ಟೀರಿಂಗಿನ ಪಕ್ಕದಲ್ಲೇ ಗೇರು ಇರುವ ಆ ಕಾರಿನಲ್ಲೇ ಅವರು ವಿಮಾನಪುರದ ಕಾರ್ಖಾನೆಗೆ ಹೋಗಿಬರುತ್ತಿದ್ದರು. ಅವರು ತೀರಿಕೊಂಡ ಮೇಲೆ ಆರು ವರ್ಷ ಅದು ಗರುಡಾಚಾರ್‌ಪಾಳ್ಯದ ನಮ್ಮ ಮನೆಯ ಕಾಂಪೌಂಡಿನಲ್ಲಿ, ಹೊಂಗೆ ಮರದ ಕೆಳಗೆ ನಿಂತೇ ಇತ್ತು. ನಾನು ಅದರ ಹತ್ತಿರ ಸುಳಿಯಲಿಲ್ಲ. ಕಾರಣ ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ಕೊನೆಯ ದಿನ ಅಪ್ಪ ನೀರು ಕೇಳಿದರು. ಒಂದು ಗುಟುಕೂ ಕೂಡದು ಎಂದು ಡಾಕ್ಟರು ಹೇಳಿದ್ದರು. ಅಮ್ಮ ಲೋಟ ಹಿಡಿದು ಬಂದಾಗ ನಾನೇ ಕಿತ್ತುಕೊಂಡು ಸಿಂಕಿಗೆ ಸುರಿದೆ. ಸಂಜೆ ಅಪ್ಪ ಹೋದರು. ಆ ಮಾತನ್ನು ನಾನೂ ಎತ್ತಲಿಲ್ಲ, ಅಮ್ಮನೂ ಎತ್ತಲಿಲ್ಲ.

ಈ ವರ್ಷ ಅಮ್ಮ, "ಒಂದ್ಸಲ ಆ ಕಾರಲ್ಲಿ ಹಲಸೂರು ಕೆರೆ ತನಕ ಹೋಗ್ಬರೋಣ ಕಣೋ" ಎಂದಳು. ನೋಡಿದರೆ ಇಂಜಿನ್ ಹಿಡಿದುಕೊಂಡುಬಿಟ್ಟಿತ್ತು. ಹ್ಯಾಂಡಲ್ ಹಾಕಿ ಮೈಯ ಬಲವನ್ನೆಲ್ಲ ಬಿಟ್ಟು ತಿರುಗಿಸಿದರೂ ಜಪ್ಪಯ್ಯ ಅನ್ನಲಿಲ್ಲ. ಕಾರನ್ನು ಶಿವಾಜಿನಗರದ ಹಳೆಯ ಗ್ಯಾರೇಜಿಗೆ ಸಾಗಿಸಿದೆ.

"ಎರಡು ದಾರಿ ಸಾರ್" ಎಂದರು ಮುದುಕ ಮೇಸ್ತ್ರಿ. "ಇದನ್ನೇ ಪೂರಾ ಬಿಚ್ಚಿ, ತೊಳ್ದು, ಬೋರ್ ಮಾಡ್ಸಿ, ಹೊಸ ಪಿಸ್ಟನ್ ಹಾಕೋದು. ಇಲ್ಲಾಂದ್ರೆ ಗುಜರಿಯಿಂದ ಬೇರೆ ಇಂಜಿನ್ ತಂದು ಕೂರ್ಸೋದು."

"ಇದನ್ನೇ ಮಾಡಿ ಭಾಯ್" ಎಂದೆ. ಯಾರದೋ ಇಂಜಿನ್ ಹಾಕಿದರೆ ಅದು ಅಪ್ಪನ ಕಾರು ಹೇಗಾಗುತ್ತದೆ?

ಮೂರನೆಯ ದಿನ ಮೇಸ್ತ್ರಿ ಫೋನು ಮಾಡಿ ಬರಹೇಳಿದರು. ಇಂಜಿನ್ನಿನ ತಳ ಬಿಚ್ಚಿ ತಟ್ಟೆಯಲ್ಲಿಟ್ಟಿದ್ದರು. ಎಣ್ಣೆ ಇರಬೇಕಾದ ಕಡೆ ಕಂದು ನೀರು. ಅವರು ಬೆರಳದ್ದಿ ನನ್ನ ಮುಂದೆ ಹಿಡಿದರು. ಬೆರಳಿಗೆ ಕಪ್ಪು ಕಾಳುಗಳು ಅಂಟಿದ್ದವು.

"ತುಕ್ಕಲ್ಲ ಸಾರ್. ಎಳ್ಳು."

ಜೊತೆಗೆ ಒಂದು ತುಳಸಿ ಎಲೆ, ಕಪ್ಪಾಗಿದ್ದರೂ ಆಕಾರ ಕೆಡದೆ. ಹೊರಗೆ ಮಟಮಟ ಮಧ್ಯಾಹ್ನ, ಪಕ್ಕದಂಗಡಿಯಲ್ಲಿ ತಗಡು ಬಡಿಯುತ್ತಿದ್ದರು. ಆದರೂ ನನ್ನ ಮೈ ಜುಮ್ಮೆಂದಿತು.

"ಯಾರೋ ಏನೋ ಮಾಡ್ಸಿದ್ದಾರೆ. ಇದನ್ನ ನಾನು ತೊಳ್ಯಲ್ಲ ಸಾರ್. ದೂಸ್ರಾ ಹಾಕ್ಬಿಡೋಣ."

ಮಾಟಮಂತ್ರ ನಂಬುವವನಲ್ಲ ನಾನು. ಹಾಗಿದ್ದೂ ಇಂದಿರಾನಗರ ದಾಟುವವರೆಗೆ ಜಮೀನಿನ ಪಾಲಿಗೆ ಜಗಳವಾಡಿದ ದಾಯಾದಿಗಳನ್ನೆಲ್ಲ ಒಬ್ಬೊಬ್ಬರಾಗಿ ನೆನೆದು ಬೈದೆ.

ಮನೆಯಲ್ಲಿ ಅಮ್ಮ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ಇಂಜಿನ್ ಬಿಚ್ಚಿದ್ರಾ? ಒಳಗೆ ಎಳ್ಳೇನಾದ್ರೂ ಕಂಡ್ತಾ?"

ಇಂಜಿನ್ ಕೊಂದವಳು ಇವಳೇ. ಹೇಳಿದರೆ ತಾಳಿಕೊಳ್ಳುವಳೇ?

"ಇಲ್ಲಮ್ಮ. ಏನೂ ಇರ್ಲಿಲ್ಲ. ಹಳೇದಾಗಿತ್ತು, ಅದಕ್ಕೇ ಹಿಡ್ಕೊಂಡಿದೆ ಅಷ್ಟೆ."

ಅಮ್ಮನ ಮುಖ ಅರಳಿತು. "ಹಂಗಾದ್ರೆ ಕುಡ್ದಿದ್ದಾರೆ ಬಿಡು."

ಆಮೇಲೆ ಎಲ್ಲ ಹೇಳಿದಳು. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಟ್ಟು ಕಾಗೆ ಕರೆಯುತ್ತೇವೆ. ಮೊದಲ ವರ್ಷ ನಾನು ಮಹಡಿಯ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗಿದರೂ ಕಾಗೆ ಎಲೆ ಮುಟ್ಟಿರಲಿಲ್ಲ. ಆಗ ಅದು ಕೆಳಗೆ ಕಾರಿನ ಬಾನೆಟ್ ಮೇಲೆ ಕೂತು, ಕೊಕ್ಕು ತೆರೆದು ಅಮ್ಮನನ್ನೇ ನೋಡುತ್ತಿತ್ತಂತೆ. ಎಣ್ಣೆ ಹಾಕುವ ಮುಚ್ಚಳ ತೋರಿಸಿ ಇದೇ ಇಂಜಿನ್ನಿನ ಬಾಯಿ ಎಂದು ಅಪ್ಪನೇ ಹಿಂದೊಮ್ಮೆ ಹೇಳಿದ್ದರು. ಅಂದಿನಿಂದ ಪ್ರತಿ ಮಹಾಲಯಕ್ಕೂ ಆ ಬಾಯಿಗೆ ಒಂದು ಚೊಂಬು ಎಳ್ಳು ನೀರು.

"ಬಾಯಾರ್ಕೊಂಡೇ ಹೋದ್ರಲ್ಲಪ್ಪಾ" ಎಂದಳು ಅಮ್ಮ. ನನ್ನ ಕಡೆ ನೋಡಲಿಲ್ಲ.

ಇದನ್ನೇ ರಿಪೇರಿ ಮಾಡಿಸಿದರೆ ಅಮ್ಮ ಮತ್ತೆ ಸುರಿಯುತ್ತಾಳೆ. ಬೇಡವೆನ್ನಲು ನಿಜ ಹೇಳಬೇಕು. ಮರುದಿನ ಮೇಸ್ತ್ರಿಗೆ ಬೇರೆ ಇಂಜಿನ್ ಕೂರಿಸಲು ಹೇಳಿದೆ. ಹಳೆಯದನ್ನು ತೊಳೆಯದೆ, ತಳ ಜೋಡಿಸಿ ಮನೆಗೆ ಕಳಿಸಿ ಎಂದೆ. ಅಮ್ಮ ನೀರು ಬಿಡುವುದಾದರೆ ಅದಕ್ಕೇ ಬಿಡಲಿ.

ಅಮ್ಮನನ್ನು ಕೆರೆಗೆ ಕರೆದೊಯ್ದೆ. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದವಳು, "ಚೆನ್ನಾಗಿ ಓಡ್ತದೆ. ಅವರಿಲ್ಲ ಇದ್ರಲ್ಲಿ" ಎಂದಳು.

ಮಹಾಲಯದ ಬೆಳಿಗ್ಗೆ ಮಹಡಿಯಲ್ಲಿ ಎಡೆಯಿಟ್ಟು ನಾನೂ ಅಮ್ಮನೂ ಕೆಳಗಿಳಿದೆವು. ಹೊಂಗೆ ಮರದ ಕೆಳಗೆ ಕಲ್ಲುಗಳ ಮೇಲೆ ಕೂರಿಸಿದ್ದ ಹಳೆಯ ಇಂಜಿನ್ನಿನ ಮೇಲೆ ಕಾಗೆ ಕೂತಿತ್ತು. ನಾವು ಹತ್ತಿರ ಹೋದರೂ ಹಾರಲಿಲ್ಲ, ಸ್ವಲ್ಪ ಸರಿದು ಜಾಗ ಬಿಟ್ಟಿತು. ಅಮ್ಮ ಮುಚ್ಚಳ ತೆಗೆದು ಚೊಂಬನ್ನು ನನ್ನ ಕೈಗಿಟ್ಟಳು.

"ಈ ಸಲ ನೀನು ಬಿಡು."

ಚೊಂಬನ್ನು ಆ ಬಾಯಿಗೆ ಹಿಡಿದು ಬಗ್ಗಿಸಿದೆ. ಒಳಗಿನಿಂದ ಗುಟುಕ್ ಎಂದಿತು. ಸ್ವಲ್ಪ ತಡೆದು ಮತ್ತೆ ಗುಟುಕ್. ನೀರು ಇಳಿಯುವಾಗ ಗಾಳಿ ಹೊರಬರುವ ಸದ್ದು ಅದು, ನನಗೆ ಗೊತ್ತು. ಆದರೆ ಮಾತ್ರೆ ನುಂಗುವಾಗ ಅಪ್ಪ ನೀರು ಕುಡಿಯುತ್ತಿದ್ದದ್ದೂ ಹೀಗೇ, ತಡೆದು ತಡೆದು.

"ನಿಲ್ಲಿಸ್ಬೇಡ, ಇನ್ನೂ ಬಿಡು" ಎಂದಳು ಅಮ್ಮ.

ಚೊಂಬು ಖಾಲಿಯಾಗಿತ್ತು. ನಾನು ನಲ್ಲಿಯ ಕಡೆ ಓಡಿದೆ.