ಮಣ್ಣಿನ ನಡಿಗೆ ಕಂಡ ಮೇಸ್ತ್ರಿ

ಅವರ ಹಿಮ್ಮಡಿಯ ಬಿರುಕುಗಳೊಳಗೆ ಟಾರು ಕೂತುಬಿಟ್ಟಿತ್ತು. ಎಷ್ಟು ತಿಕ್ಕಿದರೂ ಹೋಗದ ಕಪ್ಪು ಗೆರೆಗಳು. ಬಯಲುಸೀಮೆಯಿಂದ ಆಲೂರು, ಸಕಲೇಶಪುರ ಹಾದು ಕರಾವಳಿಗೆ ಇಳಿಯುವ ಹೆದ್ದಾರಿಯಲ್ಲಿ ನಮ್ಮ ಹೆಗ್ಗದ್ದೆ ಕಡೆಯ ಭಾಗಕ್ಕೆ ಅವರು ರಸ್ತೆ ರಿಪೇರಿ ಆಳುಗಳ ಗ್ಯಾಂಗ್ ಮೇಸ್ತ್ರಿ. ಬೆಳಿಗ್ಗೆ ಚಪ್ಪಲಿಯನ್ನು ಕಂಕುಳಲ್ಲಿ ಇರುಕಿಕೊಂಡು ರಸ್ತೆಯಂಚಿನಲ್ಲೇ ನಡೆಯುತ್ತಿದ್ದರು. ರಸ್ತೆಯ ಕಾಯಿಲೆ ಮೊದಲು ತಿಳಿಯುವುದು ಅಂಗಾಲಿಗೆ ಎನ್ನುವುದು ಅವರ ಮಾತು. ನನಗೆ ಅದೆಲ್ಲ ನಾಟಕವೆನಿಸುತ್ತಿತ್ತು.

ನಾನು ಸುಲಭಕ್ಕೆ ಯಾರನ್ನೂ ನಂಬುವ ಆಸಾಮಿಯಲ್ಲ. ರಸ್ತೆ ಅಗಲ ಮಾಡುತ್ತಾರಂತೆ ಎಂಬ ಸುದ್ದಿ ಹಬ್ಬಿದ ವರ್ಷವಂತೂ ಆ ದಾರಿಯಲ್ಲಿ ನಿಂತವರೆಲ್ಲ ನನ್ನ ತೋಟ ನುಂಗಲು ಬಂದವರಂತೆ ಕಂಡರು. ಆಗಲೇ ಮೇಸ್ತ್ರಿ, ರಸ್ತೆಯ ಕೆಳಗಿನ ನನ್ನ ಕಾಫಿ ಇಳಿಜಾರಿಗೆ ಅಡ್ಡಲಾಗಿ ಒಂದೇ ಸಾಲಿನಲ್ಲಿ ಎಂಟು ಗೂಟ ಹೊಡೆದು, ಹುರಿ ಕಟ್ಟಿ ನೋಡತೊಡಗಿದರು. ಏನಿದು ಎಂದು ಕೇಳಿದೆ.

"ಮಣ್ಣು ನಡೀತೈತೇನೋ ಅಂತ ಅನುಮಾನ ಕಣ್ರೀ. ಸಾಲು ಸೊಟ್ಟ ಆದ್ರೆ ಗೊತ್ತಾಗ್ತೈತೆ" ಎಂದರು.

ಮಣ್ಣು ನಡೆಯುವುದಂತೆ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನನಗೆ ಅದು ಸರ್ವೆಯ ಗುರುತೇ ಅನಿಸಿತು. ಅವರು ಮರೆಯಾದ ಮೇಲೆ ಎಂಟನ್ನೂ ಕಿತ್ತು ಪೊದೆಗೆ ಎಸೆದೆ. ವಾರದೊಳಗೆ ಹೊಸ ಗೂಟಗಳು ಬಂದವು. ಅವನ್ನೂ ಕಿತ್ತೆ. ಮೂರನೆಯ ಸಲ ಅವರು ನೆಡುವಷ್ಟರಲ್ಲಿ ಮಳೆ ಹಿಡಿದಿತ್ತು, ನಾನು ತೋಟಕ್ಕೆ ಇಳಿಯಲಿಲ್ಲ.

ಆಷಾಢದ ಒಂದು ಬೆಳಿಗ್ಗೆ ಮೇಸ್ತ್ರಿ ಮನೆಗೇ ಬಂದರು. ನಡುವಿನ ಮೂರು ಗೂಟ ಹುರಿಯಿಂದ ಒಂದು ಗೇಣು ಕೆಳಕ್ಕೆ ಸರಿದಿವೆ, ಇಳಿಜಾರಿನ ಬುಡದಲ್ಲಿರುವ ಆಳುಗಳ ಲೈನ್ ಮನೆಗಳನ್ನು ಇವತ್ತೇ ಖಾಲಿ ಮಾಡಿಸಿ ಎಂದರು. ಲೈನ್ ಖಾಲಿಯಾದರೆ ಜಾಗ ಹೊಡೆದುಕೊಳ್ಳುವುದು ಸಲೀಸು ಎಂದುಕೊಂಡ ನಾನು, ಯಾರೂ ಕದಲಬೇಡಿ ಎಂದು ಆಳುಗಳಿಗೆ ಹೇಳಿಕಳಿಸಿದೆ. ಮೇಸ್ತ್ರಿ ವಾದಕ್ಕೆ ನಿಲ್ಲಲಿಲ್ಲ. ಲೈನಿಗೆ ಹೋಗಿ, ಅಲ್ಲಿನ ಅಜ್ಜಿಯೊಬ್ಬಳ ಅಕ್ಕಿ ಡಬ್ಬವನ್ನು ತಾವೇ ತಲೆಯ ಮೇಲೆ ಹೊತ್ತು ಶಾಲೆಯ ಕಡೆ ನಡೆದರು. ಅಕ್ಕಿಯ ಹಿಂದೆ ಅಜ್ಜಿ ಹೋದಳು, ಅಜ್ಜಿಯ ಹಿಂದೆ ಲೈನಿನ ಮೂರೂ ಮನೆಯವರು ಹೋದರು.

ಮಾರನೆಯ ಮಧ್ಯಾಹ್ನ ಗುಡ್ಡ ಜಾರಿತು. ಕಾಫಿ ಗಿಡಗಳು ನಿಂತ ಹಾಗೆಯೇ ಕೆಳಗಿಳಿದವು. ಲೈನ್ ಇದ್ದ ಕಡೆ ಕೆಂಪು ಮಣ್ಣು ಬಿಟ್ಟು ಏನೂ ಕಾಣಲಿಲ್ಲ.

ಇಷ್ಟಾದರೂ ನನ್ನ ಅನುಮಾನದ ಬುದ್ಧಿ ಹೋಗಲಿಲ್ಲ. ಗೂಟ ಕಿತ್ತವನು ನಾನೆಂದು ಮೇಸ್ತ್ರಿಗೆ ಗೊತ್ತೇ, ಲೈನಿನವರ ಕಿವಿಗೆ ಹಾಕಿದ್ದಾರೆಯೇ ಎಂದು ಸಿಕ್ಕಾಗಲೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಮಳೆ, ಚರಂಡಿ, ಘಟ್ಟ ಹತ್ತಿ ಬರುವ ಮೀನಿನ ಲಾರಿಗಳ ವಿಷಯ ಮಾತಾಡುತ್ತಿದ್ದರು. ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ.

ಹೋದ ವರ್ಷ ಮೇಸ್ತ್ರಿ ತೀರಿಕೊಂಡರು. ಬೆಳಗೋಡಿನ ಅವರ ಮನೆಯಂಗಳದಲ್ಲಿ ಆ ಅಜ್ಜಿ ನನ್ನ ಪಕ್ಕ ಬಂದು ಕೂತಳು.

"ಪುಣ್ಯಾತ್ಮ ಕಣ್ರೀ ಗೌಡ್ರೆ. ಮೂರ್ ಸಲ ಗೂಟ ನೆಟ್ರು. ಯಾಕೆ ಅಂತ ಕೇಳಿದ್ರೆ, ಯಾವ್ದೋ ದನ ಕಿತ್ತಾಕ್ಬುಟ್ಟೈತೆ, ಪಾಪ ಅದಕ್ಕೇನ್ ಗೊತ್ತು ಅಂದಿದ್ರು."

ಯಾವ ದನವೂ ಎಂಟು ಗೂಟ ಕಿತ್ತು ಪೊದೆಗೆ ಎಸೆಯುವುದಿಲ್ಲ. ಮೇಸ್ತ್ರಿಗೆ ಎಲ್ಲವೂ ಗೊತ್ತಿತ್ತು.

"ಆ ದನ ನಾನೇ ಕಣಜ್ಜಿ" ಎಂದೆ. ಅಷ್ಟು ಮಾತನ್ನು ಅವರು ಬದುಕಿದ್ದಾಗಲೇ ಹೇಳಬಹುದಿತ್ತು.