ಅಪ್ಪನ ವಂದನಾರ್ಪಣೆ

ಭಾಷಣ ಎಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದಕ್ಕೆ ಅಪ್ಪನೇ ಕಾರಣ. ಮರಾಠಿ ಸೀಮೆಯ ಬಿಬವೇವಾಡಿಯಲ್ಲಿದ್ದ ನಮ್ಮ ಕನ್ನಡ ಸಂಘದಲ್ಲಿ ಅವನು ಇಪ್ಪತ್ತು ವರ್ಷ ಮಾಡಿದ್ದು ಒಂದೇ ಕೆಲಸ, ವಂದನಾರ್ಪಣೆ. ಜನ ಚಪ್ಪಲಿ ಹುಡುಕುವ ಹೊತ್ತಿಗೆ ಮೈಕ್ ಹಿಡಿದು, ಚಹಾ ಕಾಸಿದವರಿಂದ ಜಮಖಾನೆ ಹಾಸಿದವರವರೆಗೆ ಒಬ್ಬೊಬ್ಬರನ್ನೂ ನೆನೆಯುತ್ತಿದ್ದ. ನಾನು ನಾಚಿಕೆಯಿಂದ ತಲೆ ತಗ್ಗಿಸಿ ಕೂರುತ್ತಿದ್ದೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಮ್ಮೆ ಮುಂಬೈ ಕಡೆಯಿಂದ ದಿನಾ ಗಲಭೆಯ ಕೆಟ್ಟ ಸುದ್ದಿ ಬರುತ್ತಿತ್ತು. ನಮ್ಮಲ್ಲಿ ಏನೂ ಆಗಿರಲಿಲ್ಲ. ಆದರೂ ಅಂಗಡಿಗಳು ಸಂಜೆ ಐದಕ್ಕೇ ಬಾಗಿಲು ಎಳೆಯುತ್ತಿದ್ದವು. ನಮ್ಮ ಬೀಗರಾಗಬೇಕಿದ್ದವರು, ಎಲ್ಲ ತಣ್ಣಗಾಗಲಿ ಎಂದು ನನ್ನ ಮದುವೆಯ ನಿಶ್ಚಯವನ್ನು ಮುಂದೂಡಿದ್ದರು. ಅಂಥದರಲ್ಲಿ ಸಂಘ ಶಾಂತಿ ಸಭೆ ಕರೆಯಿತು.

ಕುರ್ಚಿ, ಮಂಡಪ ಎಲ್ಲ ಬಾಡಿಗೆಗೆ ಕೊಡುತ್ತಿದ್ದ ಚಾಚಾನವು. ಅವರು ವಿಜಾಪುರದ ಕಡೆಯ ಸಾಬರು. ನಮ್ಮ ಓಣಿಯ ಮದುವೆ, ತೊಟ್ಟಿಲ ಶಾಸ್ತ್ರಕ್ಕೆಲ್ಲ ಅವರ ಕಬ್ಬಿಣದ ಕುರ್ಚಿಗಳೇ ಆಗಬೇಕು. ಅವತ್ತು ಮಧ್ಯಾಹ್ನ ಕುರ್ಚಿ ಇಳಿಸುತ್ತ ಅಪ್ಪನಿಗೆ ಹೇಳಿದರು, "ಇದೊಂದು ಸಭಾ ಮುಗೀಲಿ ಸಾಹೇಬ್ರ. ನಾಳೆ ಮುಂಜಾನೆ ಟೆಂಪೋ ತುಂಬಿ ಊರಿಗೆ ಹೊಂಟೇವ್ರಿ. ಇನ್ನ ಬರೂದಿಲ್ರಿ."

"ಯಾರರ ಏನರ ಅಂದ್ರೇನು?"

"ಯಾರೂ ಏನೂ ಅಂದಿಲ್ರಿ. ಮೊದಲಿನಂಗ ಮಾತಾಡಸವಲ್ರು, ಅಷ್ಟ. ಮನ್ಯಾಗ ಹುಡುಗೂರು ಭಾಳ ಹೆದರ್ಯಾವ."

ಅಪ್ಪ ಕುರ್ಚಿ ಹಾಕಲು ಕೈ ಹಚ್ಚಿದ.

ಸಂಜೆ ಪಕ್ಷದ ನಾಯಕರು ಮರಾಠಿಯಲ್ಲಿ, ಸ್ವಾಮಿಗಳು ಕನ್ನಡದಲ್ಲಿ, ಮೌಲವಿ ಸಾಹೇಬರು ಹಿಂದಿಯಲ್ಲಿ ಮಾತಾಡಿದರು. ಸುಳ್ಳು ಯಾಕೆ ಹೇಳಲಿ, ಮೂವರೂ ಒಳ್ಳೆಯದನ್ನೇ ಹೇಳಿದರು. ಸ್ವಾಮಿಗಳು ಮೌಲವಿಯವರ ಕೈ ಹಿಡಿದಾಗ ನನ್ನ ಕಣ್ಣೂ ತೇವವಾಯಿತು. ಆದರೆ ಚಾಚಾ ಮಂಡಪದ ಹಿಂದೆ, ಬಿದಿರಿಗೆ ಆತು ನಿಂತೇ ಇದ್ದರು. ಅಣ್ಣತಮ್ಮಂದಿರು ಎಂಬ ಮಾತು ಹತ್ತು ಸಲ ಬಂತು, ಅವರ ಹೆಸರು ಒಮ್ಮೆಯೂ ಬರಲಿಲ್ಲ. ಇದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ನನಗೆ ಸಿಟ್ಟು ಬಂತು.

ಕೊನೆಗೆ ಅಪ್ಪ ಎದ್ದ. ಚಹಾ ಆಯಿತು, ಜಮಖಾನೆ ಆಯಿತು. ಆಮೇಲೆ ಚಾಚಾನ ಹೆಸರು ಕೂಗಿ, "ಎಲ್ಲಿದ್ದೀರಿ? ಮ್ಯಾಲ ಬರ್ರಿ" ಎಂದ. ಅವರು ಕೈ ಒರೆಸಿಕೊಳ್ಳುತ್ತ ವೇದಿಕೆ ಹತ್ತಿದರು.

"ಇವರು ನಾಳೆ ಊರಿಗೆ ಹೋಗ್ತಾರಂತ. ಹ್ಯಾಂಗ ಹೋಗ್ತಾರ್ರಿ? ಬರೂ ಐತವಾರ ನನ್ನ ಮಗಳ ನಿಶ್ಚಯ ಅದ. ಕುರ್ಚಿ ಇವರವ. ಎಲ್ಲಾರೂ ಬರ್ರಿ!"

ನನ್ನ ನಿಶ್ಚಯದ ದಿನ ನನಗೆ ತಿಳಿದದ್ದು ಮೈಕಿನಲ್ಲಿ! ಬೀಗರಾಗಬೇಕಿದ್ದವರು ಎರಡನೇ ಸಾಲಿನಲ್ಲೇ ಕೂತಿದ್ದರು. ಇಡೀ ಸಭೆ ಅವರತ್ತ ತಿರುಗಿತು. ನನ್ನ ಭಾವೀ ಮಾವ ಹೆಂಡತಿಯ ಮುಖ ನೋಡಿ, ಎದ್ದು ನಿಂತು, "ಹೌದ್ರಿ, ಬರ್ರಿ" ಎಂದರು. ಅಷ್ಟರಲ್ಲಿ ಹಿಂದಿನಿಂದ ಒಬ್ಬಾಕೆ, "ಚಾಚಾ, ಮುಂದಿನ ತಿಂಗಳ ನಮ್ಮಲ್ಲೆ ತೊಟ್ಟಿಲ ಅದ ಮತ್ತ!" ಎಂದು ಕೂಗಿದಳು. ಇನ್ನೊಬ್ಬರು ಮಗಳ ಮದುವೆ ಎಂದರು. ಮನೆಗೆ ಹೊರಟವರೆಲ್ಲ ನಿಂತರು. ಚಾಚಾ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು.

ಮನೆಗೆ ಬಂದು ಅಪ್ಪನ ಮೇಲೆ ಹರಿಹಾಯ್ದೆ. "ನನಗೊಂದು ಮಾತು ಕೇಳಬಾರದಿತ್ತೇನು?"

"ಕೇಳಿದ್ರ ಬ್ಯಾಡ ಅಂತಿದ್ದಿ" ಎಂದು ಊಟಕ್ಕೆ ಕೂತ.

ಚಾಚಾ ಹೋದರೋ ಇದ್ದರೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಐತವಾರ ಬೆಳಿಗ್ಗೆ ಟೆಂಪೋ ನಮ್ಮ ಬಾಗಿಲಿಗೆ ಬಂತು. ಕುರ್ಚಿ ಇಳಿಸಿ ಹೋದ ಚಾಚಾ ಮಧ್ಯಾಹ್ನ ಹೆಂಡತಿ ಮಕ್ಕಳೊಂದಿಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಎಂದಿನಂತೆ ಮೂಲೆಯಲ್ಲಿ ನಿಂತವರನ್ನು ಅಪ್ಪ ಎಳೆದು ಕೂರಿಸಿದ. ಚಾಚಾ ತಮ್ಮ ಕುರ್ಚಿಯ ಮೇಲೆ ತಾವೇ ಕೂತದ್ದನ್ನು ಅಷ್ಟು ವರ್ಷಗಳಲ್ಲಿ ನಾನು ನೋಡಿದ್ದು ಅದೇ ಮೊದಲು. ಕೂತವರು ಅತ್ತಿತ್ತ ಅಲುಗಾಡಿ, ಬಗ್ಗಿ ಕೆಳಗೆ ನೋಡಿದರು.

"ಸಾಹೇಬ್ರ, ಇದರ ಕಾಲು ಅಳ್ಳಾಡತದ. ನಾಳೆ ಮುಂಜಾನೆ ರಿಪೇರಿ ಮಾಡಸ್ತೀನ್ರಿ."