ಕುಯ್ಯದೇ ಉಳಿದ ಹದಿನೆಂಟು ತುಂಡು

ಹಾಸನದ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ನಾನು ವಾಟರ್‌ಜೆಟ್ ಯಂತ್ರ ನಡೆಸುತ್ತೇನೆ. ಹಳೇಕೋಟೆಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಹೆಂಗಸು ಲೋಹ ಕುಯ್ಯುತ್ತಾಳೆ ಎಂದರೆ ನಮ್ಮ ಕಡೆ ನಗುತ್ತಾರೆ. ನೀರಿನಲ್ಲಿ ಕುಯ್ಯುತ್ತಾಳೆ ಎಂದರೆ ನಂಬುವುದೇ ಇಲ್ಲ. ಸಣ್ಣ ನಾಜಲ್‌ನಿಂದ ಭಾರೀ ಒತ್ತಡದಲ್ಲಿ ನುಗ್ಗುವ ನೀರಿಗೆ ಗಾರ್ನೆಟ್ ಎಂಬ ಕೆಂಪು ಮರಳು ಬೆರೆತರೆ ದಪ್ಪ ಟೈಟಾನಿಯಂ ಪ್ಲೇಟು ಕೂಡ ಕುಯ್ದುಹೋಗುತ್ತದೆ. ಒತ್ತಡ, ಮರಳು, ನಾಜಲ್ ಸಾಗುವ ವೇಗ, ಈ ಮೂರನ್ನೂ ಹೊಂದಿಸುವುದೇ ವಿದ್ಯೆ. ವೇಗ ಅತಿಯಾದರೆ ಮೇಲಂಚು ನುಣ್ಣಗಿದ್ದು ಕೆಳಗಂಚು ಉತ್ತ ಹೊಲದ ಹಾಗೆ ಗೆರೆಗೆರೆಯಾಗುತ್ತದೆ.

ಈ ಹೊಂದಾಣಿಕೆಯ ಮೇಲೆ ಪಿಎಚ್‌ಡಿ ಮಾಡಲು ಚನ್ನರಾಯಪಟ್ಟಣದ ಕಡೆಯ ಒಬ್ಬ ಕಾಲೇಜು ಮೇಷ್ಟ್ರು ಬಂದ. ಮಾಲೀಕರು ಎದ್ದು ನಿಂತು ಕುರ್ಚಿ ಕೊಟ್ಟರು. ಮೂರು ಒತ್ತಡ, ಮೂರು ವೇಗ, ಮೂರು ಅಳತೆಯ ಮರಳು, ಒಟ್ಟು ಇಪ್ಪತ್ತೇಳು ಟೈಟಾನಿಯಂ ತುಂಡು ಕುಯ್ಯಬೇಕೆಂದ. ಹೊಸ ನಾಜಲ್ ಹಾಕಿ ಶುರು ಮಾಡಿದೆ. ಒಂದೊಂದು ತುಂಡಿಗೂ ನಂಬರ್ ಪಂಚ್ ಮಾಡಿದೆ. ಆತ ಹತ್ತಡಿ ದೂರದಲ್ಲಿ ಕರ್ಚೀಫು ಮೂಗಿಗೆ ಹಿಡಿದು ನಿಂತಿದ್ದ. ನಡುವೆ ಒಮ್ಮೆ ಹತ್ತಿರ ಬಂದು, "ಸ್ವಲ್ಪ ಆ ಕಡೆ ಹೋಗಮ್ಮ," ಎಂದು ನನ್ನನ್ನು ಸರಿಸಿ, ನನ್ನ ಯಂತ್ರದ ಬಟನ್ ಮೇಲೆ ಬೆರಳಿಟ್ಟು ಫೋಟೋ ತೆಗೆಸಿಕೊಂಡ. ಅದು ಯಾವ ಬಟನ್ ಎಂದು ಆತನಿಗೆ ಗೊತ್ತಿರಲಿಲ್ಲ.

ಒಂಬತ್ತನೇ ತುಂಡು ಮುಗಿದಾಗ ಯಂತ್ರದ ಕೆಳಗಿನ ನೀರಿನ ತೊಟ್ಟಿಯ ಕೆಸರು ಸಿಡಿದು ಆತನ ಬೂಟಿಗೆ ಬಿತ್ತು. ಮೇಷ್ಟ್ರು ಆಫೀಸು ರೂಮು ಸೇರಿದ. ಊಟ ಮುಗಿಸಿ ಬಂದವನು ಹೇಳಿದ: "ಸಾಕಮ್ಮ. ಉಳಿದದ್ದು ಕಂಪ್ಯೂಟರ್‌ನಲ್ಲಿ ಬರುತ್ತೆ."

"ಕುಯ್ಯದೇ ಎಂಗ್ ಬತ್ತದೆ ಸಾ?"

"ಅದೆಲ್ಲ ನಿನಗೆ ಅರ್ಥ ಆಗಲ್ಲ ಬಿಡು," ಎಂದು ನಕ್ಕ.

ಕೆಲವು ತಿಂಗಳಾದ ಮೇಲೆ ಈ ಪ್ರಯೋಗಕ್ಕಾಗಿ ಆತನಿಗೆ ಕಾಲೇಜಿನಲ್ಲಿ ಸನ್ಮಾನ ಸಮಾರಂಭ. ಮಾಲೀಕರು ನನ್ನನ್ನೂ, ಪಂಪು ನೋಡಿಕೊಳ್ಳುವ ಅರಕಲಗೂಡಿನ ಅಣ್ಣನನ್ನೂ ಕಾರಿನಲ್ಲಿ ಕರೆದೊಯ್ದರು. ಪರದೆಯ ಮೇಲೆ ಒಂದು ಪಟ್ಟಿ ಬಂತು. ಇಪ್ಪತ್ತೇಳು ಸಾಲು. ಒಂದೊಂದು ತುಂಡಿನ ಕೆಳಗಂಚು ಎಷ್ಟು ಒರಟು ಎಂದು ದಶಮಾಂಶ ಹಾಕಿ ಬರೆದಿತ್ತು. ಹುಟ್ಟದ ಮಕ್ಕಳ ತೂಕ ಬರೆದ ಹಾಗೆ! ಪಕ್ಕದಲ್ಲಿದ್ದ ಅಣ್ಣ ನನ್ನ ಕಿವಿಯಲ್ಲಿ, "ಒಂಬತ್ತೇ ಅಲ್ವೇನವ್ವ ನಾವ್ ಕುಯ್ದುದ್ದು?" ಎಂದ.

"ಸುಮ್ಕಿರಣ್ಣ," ಎಂದೆ.

ಹೌದು, ಹಾಗೆಂದವಳು ನಾನೇ. ಆತನಿಗೆ ಶಾಲು ಹೊದಿಸಿದಾಗ ಚಪ್ಪಾಳೆಯನ್ನೂ ತಟ್ಟಿದೆ. ಆತನ ಮೇಲಿನ ತಾತ್ಸಾರ ನನಗೆ ಕಷ್ಟ ಕೊಟ್ಟಿಲ್ಲ. ಅಂಥವರನ್ನು ಬೇಕಾದಷ್ಟು ನೋಡಿದ್ದೇನೆ. ತಟ್ಟಿದ ಈ ಎರಡು ಕೈಗಳ ಮೇಲಿನ ತಾತ್ಸಾರ ಮಾತ್ರ ಇಂದಿಗೂ ಇಳಿದಿಲ್ಲ.

ಮಾರನೆಯ ವಾರ ಮಾಲೀಕರು ಆತನ 'ಅತ್ಯುತ್ತಮ ಸೆಟ್ಟಿಂಗ್' ಪಟ್ಟಿಗೆ ಲ್ಯಾಮಿನೇಷನ್ ಮಾಡಿಸಿ ಯಂತ್ರಕ್ಕೆ ಅಂಟಿಸಿದರು. ಟೈಟಾನಿಯಂ ಬ್ರಾಕೆಟ್ಟುಗಳ ಆರ್ಡರ್ ಬಂದಿತ್ತು.

"ಸಾ, ನಾಜಲ್ ಸವ್ದದೆ. ಸವ್ದಂಗೆಲ್ಲ ವೇಗ ಇಳ್ಸಬೇಕು. ಇದ್ರಲ್ಲಿ ಅದೇ ಇಲ್ಲ," ಎಂದೆ.

"ಡಾಕ್ಟ್ರಾಗೋರ್ಗಿಂತ ನಿಂಗೆ ಜಾಸ್ತಿ ಗೊತ್ತಾ? ಬರ್ದಿರಂಗೆ ಕುಯ್ಯಿ."

ಬರೆದ ಹಾಗೇ ಕುಯ್ದೆ. ಮೊದಲ ನಾಲ್ಕು ಬ್ರಾಕೆಟ್ಟುಗಳೂ ಮೇಲೊಂದು ಅಳತೆ, ಕೆಳಗೊಂದು ಅಳತೆ. ಕೆಳಗಂಚಿಗೆ ಬೆರಳಾಡಿಸಿದರೆ ಚರ್ಮ ಕಿತ್ತುಬರುವ ಹಾಗಿತ್ತು. ಮಾಲೀಕರು ಮೇಷ್ಟ್ರಿಗೆ ಫೋನು ಮಾಡಿದರು. ಸ್ಪೀಕರ್‌ನಲ್ಲಿ ಮೇಷ್ಟ್ರ ದನಿ: "ಲೆಕ್ಕ ಪಕ್ಕಾ ಇದೆ ಸರ್. ಆಪರೇಟರ್ ತಪ್ಪಿರಬೇಕು."

ಆಗ ತಡೆಯಲಾಗಲಿಲ್ಲ. ರ‍್ಯಾಕಿನ ಕೆಳಗಿಂದ, ಆತ ಅಳೆದು ಬಿಟ್ಟುಹೋಗಿದ್ದ ಪ್ರಯೋಗದ ತುಂಡುಗಳನ್ನೂ, ಕುಯ್ಯದೆ ಉಳಿದಿದ್ದ ಪ್ಲೇಟನ್ನೂ ಎಳೆದು ಅವರ ಮುಂದೆ ಹಾಕಿದೆ. "ಎಣುಸ್ಕಳಿ ಸಾ. ಒಂಬತ್ತು. ಮಿಕ್ಕಿದ್ ಹದ್ನೆಂಟು ಈ ಪ್ಲೇಟ್‌ನಾಗೇ ಅವೆ, ಇನ್ನೂ ಕುಯ್ದಿಲ್ಲ."

ಮಾಲೀಕರು ನಂಬರುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. "ಅವತ್ತೇ ಯಾಕವ್ವ ಏಳ್ನಿಲ್ಲ?"

ನಾನು ತುಂಡುಗಳನ್ನು ಮತ್ತೆ ರ‍್ಯಾಕಿಗೆ ಜೋಡಿಸತೊಡಗಿದೆ.

ಮಾಲೀಕರೇ ಪಟ್ಟಿ ಕಿತ್ತರು. ನಾಜಲ್ ಬದಲಿಸಿ, ವೇಗ ಇಳಿಸಿ, ಐದೈದು ತುಂಡಿಗೊಮ್ಮೆ ಅಳತೆ ನೋಡುತ್ತ ಉಳಿದ ಬ್ರಾಕೆಟ್ಟುಗಳನ್ನು ನನ್ನ ಲೆಕ್ಕದಲ್ಲೇ ಕುಯ್ದೆ. ಒಂದೂ ವಾಪಸು ಬರಲಿಲ್ಲ. ಆದರೆ ಮಾಲೀಕರು ಚೌಕಟ್ಟು ಹಾಕಿಸಿದ್ದ, ಬಟನ್ ಮೇಲೆ ಬೆರಳಿಟ್ಟ ಆ ಫೋಟೋ ಮಾತ್ರ ಆಫೀಸಿನ ಗೋಡೆಯ ಮೇಲೇ ಇದೆ. ಕೇಳಿದರೆ, "ಇರ್ಲಿ ಬುಡವ್ವ, ಬರೋ ಪಾರ್ಟಿಗಳು ನೋಡ್ತಾರೆ," ಎನ್ನುತ್ತಾರೆ. ಮೋಸ ಗೊತ್ತಿಲ್ಲದೆ ಮರ್ಯಾದೆ ಕೊಟ್ಟವರನ್ನು ಕ್ಷಮಿಸಬಹುದು. ಗೊತ್ತಾದ ಮೇಲೂ ಧೂಳು ಒರೆಸಿ ಇಟ್ಟುಕೊಳ್ಳುವವರಿಗೆ ಏನೆನ್ನುವುದು?

ಹೋದ ತಿಂಗಳು ಮೇಷ್ಟ್ರು ಮತ್ತೆ ಬಂದ. ಈಗ ಹೆಸರಿನ ಮುಂದೆ ಡಾಕ್ಟರ್ ಇದೆ. ನಿಕ್ಕಲ್ ಮಿಶ್ರಲೋಹದ ಮೇಲೆ ಇನ್ನೊಂದು ಪ್ರಯೋಗವಂತೆ. ನಾನು ಒಂದು ಏಪ್ರನ್ನೂ ಗಂಬೂಟನ್ನೂ ತಂದು ಆತನ ಕೈಗೆ ಕೊಟ್ಟೆ.

"ಇಲ್ಲೇ ನಿಂತ್ಕಳಿ ಸಾ. ನಾನು ಕುಯ್ತೀನಿ, ನೀವು ಅಳೀರಿ. ಕಡೇ ತುಂಡ್ ಆಗೋಗಂಟ ಓಗಂಗಿಲ್ಲ."

ಆತ ಮಾಲೀಕರ ಮುಖ ನೋಡಿದ. ಮಾಲೀಕರು ಮೊಬೈಲು ನೋಡತೊಡಗಿದರು. ಮೇಷ್ಟ್ರು ಗಂಬೂಟನ್ನು ಎರಡು ಬೆರಳಲ್ಲಿ ಹಿಡಿದು ಕೆಳಗಿಟ್ಟು, ಕಾಲೇಜಿನಲ್ಲಿ ಮೀಟಿಂಗ್ ಇದೆಯೆಂದು ನೆನಪಿಸಿಕೊಂಡು ಹೊರಟ. ನಾನು ಪಂಪು ಆನ್ ಮಾಡಿದೆ.